ಹೆಸರಿಲ್ಲದ ಕಾಯಿಲೆ, ಮನೆಯಲ್ಲಿರುವ ಮಗು

ಮಗುವಿಗೆ ವರ್ಷ ತುಂಬಿದೆ, ಕತ್ತು ಇನ್ನೂ ನಿಂತಿಲ್ಲ. ಎಂಆರ್‌ಐ ಆಯಿತು, ಇಇಜಿ ಆಯಿತು. ಕೊನೆಗೆ ಎಕ್ಸೋಮ್ ಅನ್ನುವ ಜೀನ್ ಪರೀಕ್ಷೆಗೆ ಹತ್ತಾರು ಸಾವಿರ ಕಟ್ಟಿ, ವಾರಗಟ್ಟಲೆ ಕಾದದ್ದೂ ಆಯಿತು. ಬಂದ ರಿಪೋರ್ಟಿನಲ್ಲಿ ಒಂದೇ ಸಾಲು: ಮಗುವಿನ ಲಕ್ಷಣಗಳಿಗೆ ಕಾರಣವಾಗುವ ಬದಲಾವಣೆ ಕಂಡುಬಂದಿಲ್ಲ. ಮನೆಯಲ್ಲಿ ಒಬ್ಬರಿಗೆ ಇದು 'ಏನೂ ಇಲ್ಲವಂತೆ' ಎಂದು ಕೇಳಿಸುತ್ತದೆ, ಇನ್ನೊಬ್ಬರಿಗೆ 'ಇನ್ನೇನೂ ಮಾಡೋಕಾಗಲ್ಲವಂತೆ' ಎಂದು. ಎರಡೂ ತಪ್ಪು.

ಈ ಪರೀಕ್ಷೆ ಈಗ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಮಾತ್ರ ಸೀಮಿತವಲ್ಲ. ಜಿಲ್ಲಾ ಕೇಂದ್ರದಲ್ಲೇ ರಕ್ತ ತೆಗೆದು ಕಳಿಸುತ್ತಾರೆ, ಫಲಿತಾಂಶ ತಂದೆಯ ಫೋನಿಗೆ ಬಂದು ಬೀಳುತ್ತದೆ. ಅದನ್ನು ಬಿಡಿಸಿ ಹೇಳುವವರು ಮಾತ್ರ ಎದುರಿಗಿರುವುದಿಲ್ಲ. ಅಂಥ ಮನೆಯವರಿಗಾಗಿ ಈ ಬರಹ. ಮೊದಲೇ ಒಂದು ಮಾತು ಹೇಳಿಬಿಡಬೇಕು. ಹೆಸರು ಹುಡುಕುವುದು ಒಂದು ಕೆಲಸ, ಮಗುವನ್ನು ನೋಡಿಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದು ವರ್ಷಗಟ್ಟಲೆ ಎಳೆಯಬಹುದು. ಎರಡನೆಯದು ಇವತ್ತೇ ಶುರುವಾಗಬೇಕು, ಅದಕ್ಕೆ ಹೆಸರು ಬೇಕಿಲ್ಲ.

ತಪ್ಪು ಎಲ್ಲಿ ಆಗುತ್ತದೆ

ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಬರಹವಿದೆ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲೂ ಸುಮಾರು 300 ಕೋಟಿ ಅಕ್ಷರ. ಅದರಲ್ಲಿ ಪ್ರೋಟೀನ್ ತಯಾರಿಸಲು ಸೂಚನೆ ಕೊಡುವ ಭಾಗಗಳೇ ಜೀನ್‌ಗಳು, ಕನ್ನಡದಲ್ಲಿ ವಂಶವಾಹಿಗಳು. ಇವು ಸುಮಾರು 20,000 ಇವೆ.

ಕನ್ನಡ ಬರೆಯುವವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. 'ಹಣ' ಎಂಬ ಪದಕ್ಕೆ ಒಂದು ಎತ್ವ ಹತ್ತಿದರೆ 'ಹೆಣ'. ಒಂದೇ ಗುರುತು, ಅರ್ಥ ಪೂರ್ತಿ ಬೇರೆ. ಆದರೆ 'ಮಾಡುತ್ತೇನೆ' ಎಂಬುದನ್ನು ಒಬ್ಬರು 'ಮಾಡ್ತೀನಿ' ಅಂದರೂ ಇನ್ನೊಬ್ಬರು 'ಮಾಡ್ತೇನಿ' ಅಂದರೂ ಅರ್ಥ ಕೆಡುವುದಿಲ್ಲ. ಡಿಎನ್‌ಎಯಲ್ಲೂ ಹಾಗೆಯೇ. ಮಾದರಿ ಪ್ರತಿಗೆ ಹೋಲಿಸಿದರೆ ಪ್ರತಿಯೊಬ್ಬರಲ್ಲೂ 40ರಿಂದ 50 ಲಕ್ಷ ಕಡೆ ವ್ಯತ್ಯಾಸವಿರುತ್ತದೆ. ಹೆಚ್ಚಿನವು ಆಡುಮಾತಿನ ವ್ಯತ್ಯಾಸಗಳು, ಕೆಡುಕಿಲ್ಲ. ಕೆಲವೇ ಕೆಲವು 'ಹಣ'ವನ್ನು 'ಹೆಣ' ಮಾಡುವಂಥವು. ಇಷ್ಟು ಲಕ್ಷದಲ್ಲಿ ಆ ಒಂದನ್ನು ಹುಡುಕುವುದೇ ಪರೀಕ್ಷೆಯ ಕೆಲಸ.

ಯಾವ ಪರೀಕ್ಷೆ ಏನನ್ನು ನೋಡುತ್ತದೆ

ಎಲ್ಲ ಜೀನ್ ಪರೀಕ್ಷೆಯೂ ಒಂದೇ ಅಲ್ಲ. ಬರಹವನ್ನು ಸಂಪುಟಗಳ ಸಾಲು ಅಂದುಕೊಳ್ಳಿ, ಒಂದೊಂದು ಸಂಪುಟವೂ ಒಂದು ಕ್ರೋಮೋಸೋಮ್. ಕ್ಯಾರಿಯೋಟೈಪ್ ಪರೀಕ್ಷೆ ಸಂಪುಟಗಳನ್ನು ಎಣಿಸುತ್ತದೆ: 46 ಇವೆಯೇ, ಡೌನ್ ಸಿಂಡ್ರೋಮಿನಲ್ಲಿ ಇರುವಂತೆ 47 ಆಗಿವೆಯೇ, ಯಾವುದಾದರೂ ದೊಡ್ಡ ತುಂಡು ಕಳಚಿದೆಯೇ. ಮೈಕ್ರೋಅರೇ ಇನ್ನೂ ಹತ್ತಿರದಿಂದ ನೋಡುತ್ತದೆ, ಕೆಲವು ಪುಟ ಹರಿದುಹೋಗಿದ್ದರೆ ಅಥವಾ ಎರಡು ಸಲ ಅಚ್ಚಾಗಿದ್ದರೆ ಹಿಡಿಯುತ್ತದೆ. ಎಕ್ಸೋಮ್ ಅಕ್ಷರ ಅಕ್ಷರವಾಗಿ ಓದುತ್ತದೆ, ಆದರೆ ಪ್ರೋಟೀನ್ ಸೂಚನೆ ಇರುವ ಭಾಗಗಳನ್ನು ಮಾತ್ರ. ಅದು ಇಡೀ ಬರಹದ ಶೇ. 1ರಿಂದ 2ರಷ್ಟು. ಗೊತ್ತಿರುವ ತಪ್ಪುಗಳಲ್ಲಿ ಬಹುಪಾಲು ಅಲ್ಲೇ ಇರುವುದರಿಂದ ಅಷ್ಟನ್ನೇ ಓದುವುದು ಲಾಭ. ಪೂರ್ತಿ ಓದುವುದಕ್ಕೆ ಜೀನೋಮ್ ಪರೀಕ್ಷೆ ಅನ್ನುತ್ತಾರೆ.

ಎಕ್ಸೋಮಿಗೆ ಕಾಣದ್ದು ಏನು ಎಂಬುದು ಮನೆಯವರಿಗೆ ಗೊತ್ತಿರಬೇಕು. ಫ್ರಜೈಲ್ ಎಕ್ಸ್ ಕಾಯಿಲೆಯಲ್ಲಿ ಮೂರು ಅಕ್ಷರದ ಒಂದು ತುಣುಕು 200ಕ್ಕಿಂತ ಹೆಚ್ಚು ಸಲ ಮರುಕಳಿಸಿರುತ್ತದೆ. ಎಕ್ಸೋಮ್ ಇದನ್ನು ಸರಿಯಾಗಿ ಎಣಿಸಲಾರದು, ಬೇರೆ ಪರೀಕ್ಷೆ ಬೇಕು. ಏಂಜಲ್‌ಮನ್, ಪ್ರಾಡರ್-ವಿಲ್ಲಿ ಕಾಯಿಲೆಗಳಲ್ಲಿ ಕೆಲವು ಸಲ ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ, ಆದರೆ ಪುಟಗಳು ಅಂಟಿಕೊಂಡಂತೆ ಓದಲಾಗದ ಸ್ಥಿತಿಯಲ್ಲಿರುತ್ತವೆ. ಅದಕ್ಕೆ ಮಿಥೈಲೇಷನ್ ಪರೀಕ್ಷೆ. ಮೈಟೋಕಾಂಡ್ರಿಯಾ ಎಂಬ ಶಕ್ತಿಕೇಂದ್ರಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, ಕೆಲವು ಲ್ಯಾಬಿನ ಎಕ್ಸೋಮಿನಲ್ಲಿ ಅದು ಸೇರಿರುವುದಿಲ್ಲ. ಆದ್ದರಿಂದ 'ಜೀನ್ ಟೆಸ್ಟ್ ನಾರ್ಮಲ್' ಎಂದ ಕೂಡಲೇ 'ಯಾವ ಟೆಸ್ಟ್?' ಎಂದು ಕೇಳಿ.

ತಂದೆ, ತಾಯಿ, ಮಗು ಮೂವರ ರಕ್ತವನ್ನೂ ಒಟ್ಟಿಗೆ ಓದಿಸುವುದಕ್ಕೆ ಟ್ರಯೋ ಅನ್ನುತ್ತಾರೆ. ಖರ್ಚು ಹೆಚ್ಚು, ಪ್ರಯೋಜನವೂ ಹೆಚ್ಚು. ಮಗುವಿನಲ್ಲಿ ಕಂಡ ಬದಲಾವಣೆ ಆರೋಗ್ಯವಾಗಿರುವ ತಂದೆಯಲ್ಲೂ ಇದ್ದರೆ ಅದನ್ನು ಬಹುತೇಕ ಬದಿಗಿಡಬಹುದು. ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಹುಟ್ಟಿದ್ದಾದರೆ ಅನುಮಾನ ಬಲವಾಗುತ್ತದೆ.

ಇದೆಲ್ಲ ಮಾಡಿದರೂ ಎಕ್ಸೋಮಿನಲ್ಲಿ ಉತ್ತರ ಸಿಗುವುದು ಸಾಮಾನ್ಯವಾಗಿ ನೂರಕ್ಕೆ 25ರಿಂದ 40 ಮಕ್ಕಳಿಗೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 13,000ಕ್ಕೂ ಹೆಚ್ಚು ಕುಟುಂಬಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ವರ್ಷಗಟ್ಟಲೆ ಮತ್ತೆ ಮತ್ತೆ ಹುಡುಕಿದ ಮೇಲೂ ಅಲ್ಲಿ ಉತ್ತರ ಸಿಕ್ಕದ್ದು ಶೇ. 41ರಷ್ಟು ಮಕ್ಕಳಿಗೆ. ಉತ್ತರ ಸಿಗದ ಮನೆಗಳೇ ಹೆಚ್ಚು ಎಂಬುದನ್ನು ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲೇ ಹೇಳಬೇಕಾದದ್ದು ನ್ಯಾಯ.

ವಿಯುಎಸ್ ಎಂಬ ಮೂರಕ್ಷರ

ರಿಪೋರ್ಟಿನಲ್ಲಿ ಬದಲಾವಣೆಗಳನ್ನು ಐದು ದರ್ಜೆಯಾಗಿ ವಿಂಗಡಿಸುತ್ತಾರೆ: ಕಾಯಿಲೆ ತರುವುದು ಖಚಿತ, ತರುವ ಸಾಧ್ಯತೆ ಹೆಚ್ಚು, ಹೇಳಲಾಗದು, ನಿರಪಾಯ ಇರಬಹುದು, ನಿರಪಾಯ. ನಡುವಿನ 'ಹೇಳಲಾಗದು' ಎಂಬುದೇ ವಿಯುಎಸ್ (ವೇರಿಯಂಟ್ ಆಫ್ ಅನ್‌ಸರ್ಟನ್ ಸಿಗ್ನಿಫಿಕೆನ್ಸ್). ಪುಸ್ತಕದಲ್ಲಿ ಹಿಂದೆಂದೂ ಕಾಣದ ಒಂದು ಪದ ಎದುರಾಗಿದೆ. ಅದು ಅಚ್ಚಿನ ತಪ್ಪೋ, ಯಾವುದೋ ಸೀಮೆಯ ಆಡುಮಾತೋ? ತಿಳಿಯಬೇಕಾದರೆ ಆ ಸೀಮೆಯ ಜನರನ್ನು ಕೇಳಬೇಕು.

ಇಲ್ಲಿ ನಮಗೊಂದು ತೊಡಕಿದೆ. ಜಗತ್ತಿನ ಜೀನ್ ದತ್ತಾಂಶದಲ್ಲಿ ಯುರೋಪ್ ಮೂಲದವರದೇ ಸಿಂಹಪಾಲು. ನಮ್ಮ ಊರುಗಳಲ್ಲಿ ಸಾವಿರಾರು ಜನ ಆರೋಗ್ಯವಾಗಿಯೇ ಹೊತ್ತುಕೊಂಡಿರುವ ಬದಲಾವಣೆಯೂ ಆ ಪಟ್ಟಿಯಲ್ಲಿಲ್ಲದಿದ್ದರೆ 'ಅಪರೂಪ' ಎಂದು ಕಾಣಿಸಿ ವಿಯುಎಸ್ ಆಗಿ ಕೂರುತ್ತದೆ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಈ ಕಾರಣಕ್ಕೇ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದಾಳತ್ವದಲ್ಲಿ ದೇಶದ ಬೇರೆ ಬೇರೆ ಸಮುದಾಯಗಳ 10,000 ಜನರ ಜೀನೋಮ್ ಓದಲಾಯಿತು, 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ಇಂಥ ಪಟ್ಟಿ ಬೆಳೆದಷ್ಟೂ ನಮ್ಮ ಮಕ್ಕಳ ರಿಪೋರ್ಟಿನ 'ಹೇಳಲಾಗದು' ಕಡಿಮೆಯಾಗುತ್ತದೆ.

ವಿಯುಎಸ್ ಬಂದಾಗ ಹೆಚ್ಚಾಗಿ ಆಗುವ ಅನಾಹುತ ಒಂದೇ. ಮನೆಯವರು ಆ ಜೀನಿನ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ಅಲ್ಲಿ ಕಂಡ ಕಾಯಿಲೆಯೇ ಮಗುವಿಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ವಿಯುಎಸ್ ಆಧಾರದ ಮೇಲೆ ಔಷಧಿ ಬದಲಿಸುವುದಾಗಲಿ, ಮುಂದಿನ ಬಸಿರಿನ ಬಗ್ಗೆ ನಿರ್ಧರಿಸುವುದಾಗಲಿ ಕೂಡದು. ಜೀನ್ ರಿಪೋರ್ಟನ್ನು ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಜೊತೆ ಅರ್ಧ ಗಂಟೆ ಕೂತು ಕೇಳುವ ಮಾತು, ಒಂಟಿಯಾಗಿ ಹುಡುಕಿದ ಹತ್ತು ರಾತ್ರಿಗಿಂತ ಮೇಲು.

ಹೆಸರಿಗೆ ಕಾಯಬಾರದ ಕೆಲವು ಪರೀಕ್ಷೆಗಳು

ಬೆಳವಣಿಗೆ ನಿಧಾನವಾದ ಎಲ್ಲ ಮಕ್ಕಳದೂ ಔಷಧಿ ಇಲ್ಲದ ಕಾಯಿಲೆಯಲ್ಲ. ಬೇಗ ಹಿಡಿದರೆ ಚಿಕಿತ್ಸೆ ಇರುವಂಥವು ಕೆಲವಿವೆ. ಎಕ್ಸೋಮ್ ರಿಪೋರ್ಟಿಗೆ ಕಾಯುತ್ತ ಇವನ್ನು ಬಿಟ್ಟುಬಿಟ್ಟರೆ ಕಳೆದುಹೋದ ತಿಂಗಳುಗಳು ವಾಪಸ್ ಬರುವುದಿಲ್ಲ.

ಮೊದಲನೆಯದು ಜೀನ್ ಕಾಯಿಲೆಯೇ ಅಲ್ಲ. ತಾಯಿಗೆ ಬಿ12 ಜೀವಸತ್ವದ ಕೊರತೆ ಇದ್ದು ಮಗು ಎದೆಹಾಲಿನ ಮೇಲೇ ಇದ್ದರೆ ಮಗುವಿಗೂ ಕೊರತೆ. ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರೂ ಕಡಿಮೆ ಇರುವ ಮನೆಗಳಲ್ಲಿ ಇದು ಹೆಚ್ಚು. ಆರು ತಿಂಗಳವರೆಗೆ ಚೆನ್ನಾಗಿ ಬೆಳೆದ ಮಗು ನಂತರ ನಗುವುದು, ಕೂರುವುದು ಮರೆಯುತ್ತದೆ, ಕೈಕಾಲು ನಡುಗುತ್ತದೆ, ಬೆರಳಿನ ಗಿಣ್ಣು ಕಪ್ಪಾಗುತ್ತದೆ, ಕೂದಲು ತೆಳುವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಇಂಜೆಕ್ಷನ್‌ನಿಂದ ಸುಧಾರಿಸುತ್ತದೆ.

ಬಯೋಟಿನಿಡೇಸ್ ಕೊರತೆಯಲ್ಲಿ ಫಿಟ್ಸ್, ಕೂದಲುದುರುವುದು, ಚರ್ಮದ ಮೇಲೆ ಗುಳ್ಳೆ ಕಾಣುತ್ತವೆ, ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್ ಮಾತ್ರೆಯೇ ಚಿಕಿತ್ಸೆ. ಯಾವ ಔಷಧಿಗೂ ಬಗ್ಗದ ಎಳೆಯ ಮಗುವಿನ ಫಿಟ್ಸಿಗೆ ಬಿ6 ಜೀವಸತ್ವ ಕೊಟ್ಟು ನೋಡುವ ಕ್ರಮವಿದೆ. ಬೆಳಿಗ್ಗೆ ಹಸಿದಾಗ ಫಿಟ್ಸ್ ಅಥವಾ ಓಲಾಟ ಹೆಚ್ಚಿ, ತಿಂದ ಮೇಲೆ ಸರಿಹೋಗುವ ಮಗುವಿಗೆ ಮಿದುಳಿಗೆ ಸಕ್ಕರೆ ಸಾಗಿಸುವ ಗ್ಲುಟ್1 ಎಂಬ ಪ್ರೋಟೀನಿನ ಕೊರತೆ ಇರಬಹುದು. ಬೆನ್ನುಹುರಿಯ ನೀರಿನಲ್ಲಿ ಸಕ್ಕರೆ ಅಳೆದರೆ ಸುಳಿವು ಸಿಗುತ್ತದೆ, ಕೊಬ್ಬು ಹೆಚ್ಚು, ಪಿಷ್ಟ ಸಕ್ಕರೆ ತೀರಾ ಕಡಿಮೆ ಇರುವ ಕೀಟೋಜೆನಿಕ್ ಆಹಾರಕ್ರಮ ಕೆಲಸ ಮಾಡುತ್ತದೆ. ಬೆಳಿಗ್ಗೆ ನಡೆದಾಡಿ ಸಂಜೆ ಹೊತ್ತಿಗೆ ಕಾಲು ಸೆಟೆದುಕೊಳ್ಳುವ ಮಗುವಿಗೆ ಲೆವೊಡೋಪ ಎಂಬ ಔಷಧಿ ಅಚ್ಚರಿಯಾಗುವಷ್ಟು ಹಿಡಿಸಬಹುದು. ದಿನದ ಯಾವ ಹೊತ್ತಿಗೆ, ತಿಂದ ಮೇಲೋ ಮೊದಲೋ ಎಂಬ ಮನೆಯವರ ಗಮನವೇ ಇಲ್ಲೆಲ್ಲ ಡಾಕ್ಟರಿಗೆ ದಾರಿ ತೋರಿಸುವುದು.

ಇನ್ನೊಂದು ಎಚ್ಚರಿಕೆ. ಫಿಟ್ಸಿಗೆ ಬಹಳ ಕಡೆ ಬರೆಯುವ ವಾಲ್‌ಪ್ರೊಯೇಟ್ ಒಳ್ಳೆಯ ಔಷಧಿ. ಆದರೆ ಪೋಲ್‌ಜಿ ಎಂಬ ಜೀನಿಗೆ ಸಂಬಂಧಿಸಿದ ಮೈಟೋಕಾಂಡ್ರಿಯಾ ಕಾಯಿಲೆ ಇರುವ ಮಗುವಿಗೆ ಅದು ಯಕೃತ್ತನ್ನೇ ಕೆಡಿಸಬಲ್ಲದು. ಕಾರಣ ತಿಳಿಯದ ಫಿಟ್ಸ್ ಇದ್ದು ಮಗು ಕಲಿತದ್ದನ್ನು ಮರೆಯುತ್ತಿದ್ದರೆ 'ಮೈಟೋಕಾಂಡ್ರಿಯಾ ಅನುಮಾನ ಇದೆಯೇ?' ಎಂದು ನರರೋಗ ತಜ್ಞರನ್ನು ಕೇಳಿ. ಕೊಡುತ್ತಿರುವ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಔಷಧಿ ತಟ್ಟನೆ ನಿಂತರೆ ಅದೇ ದೊಡ್ಡ ಅಪಾಯ.

ಹುಡುಕಾಟ ನಿಲ್ಲದಂತೆ ಇಡುವುದು

ಎಕ್ಸೋಮ್ ಓದುವ ಕಂಪ್ಯೂಟರಿಗೆ ಮಗುವಿನ ಲಕ್ಷಣಗಳನ್ನು ಕೊಡಬೇಕು. ಆ ಲಕ್ಷಣಕ್ಕೆ ಹೊಂದುವ ಜೀನ್‌ಗಳನ್ನು ಅದು ಮುಂದಕ್ಕೆ ತರುತ್ತದೆ. ಫಾರ್ಮಿನಲ್ಲಿ 'ಬೆಳವಣಿಗೆ ನಿಧಾನ' ಎಂದಷ್ಟೇ ಬರೆದು ಕಳಿಸಿದರೆ ಸಾವಿರಕ್ಕೂ ಹೆಚ್ಚು ಜೀನ್ ಸಾಲಿನಲ್ಲಿ ನಿಲ್ಲುತ್ತವೆ. '14 ತಿಂಗಳಿಗೆ ಕೂರುವುದನ್ನು ಮರೆಯಿತು, ತಲೆಯ ಸುತ್ತಳತೆ ವಯಸ್ಸಿಗಿಂತ ಕಡಿಮೆ, ಬೆಚ್ಚಿಬೀಳುವ ಬಗೆಯ ಫಿಟ್ಸ್, ಎಡಗಿವಿ ಕೇಳದು' ಎಂದು ಬರೆದರೆ ಸಾಲು ಬೆರಳೆಣಿಕೆಗೆ ಇಳಿಯುತ್ತದೆ. ಪರೀಕ್ಷೆ ಸೋಲುವುದಕ್ಕೆ ಒಂದು ದೊಡ್ಡ ಕಾರಣ ಖಾಲಿ ಬಿಟ್ಟ ಫಾರ್ಮು. ರಕ್ತ ಕೊಡುವ ದಿನ ಲಕ್ಷಣಗಳ ಪಟ್ಟಿಯನ್ನು ನೀವೇ ಬರೆದು ಒಯ್ಯಿರಿ, ಮಗುವಿಗೆ ಇತ್ತೀಚೆಗೆ ರಕ್ತ ಏರಿಸಿದ್ದರೆ ಅದನ್ನೂ ಹೇಳಿ.

ಅದೇ ದಿನ ಇನ್ನೊಂದು ಮಾತು ಲಿಖಿತವಾಗಿ ಕೇಳಿಡಿ: 'ರಿಪೋರ್ಟ್ ಜೊತೆ ಮೂಲ ಫೈಲ್‌ಗಳೂ ಬೇಕು.' ಫಾಸ್ಟ್‌ಕ್ಯೂ ಮತ್ತು ವಿಸಿಎಫ್ ಎಂಬವು ಆ ಫೈಲ್‌ಗಳ ಹೆಸರು. ಫಾಸ್ಟ್‌ಕ್ಯೂ ಹಲವು ಜಿಬಿ ಇರುತ್ತದೆ, ವಾಟ್ಸಾಪ್‌ನಲ್ಲಿ ಬರುವಂಥದ್ದಲ್ಲ, ಒಂದು ಹಾರ್ಡ್ ಡಿಸ್ಕ್ ಬೇಕು. ಲ್ಯಾಬುಗಳು ಇದನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಫೈಲ್ ಕೈಯಲ್ಲಿದ್ದರೆ ಮತ್ತೆ ರಕ್ತ ಕೊಡದೆ, ಬೇರೆ ಕಡೆಯೂ ಓದಿಸಬಹುದು.

ಹಳೆಯ ಫೈಲ್ ಮತ್ತೆ ಓದಿಸುವುದರಿಂದ ಏನು ಬರುತ್ತದೆ? ಫೈಲ್ ಅದೇ, ಆದರೆ ಓದುವವರಿಗೆ ಗೊತ್ತಿರುವುದು ಹೆಚ್ಚಿರುತ್ತದೆ. ಪ್ರತಿ ವರ್ಷ ನೂರಾರು ಜೀನ್‌ಗಳಿಗೆ ಹೊಸದಾಗಿ ಕಾಯಿಲೆಯ ನಂಟು ಸಿಗುತ್ತಿದೆ. ಒಂದೆರಡು ವರ್ಷದ ಮೇಲೆ ಮರುವಿಶ್ಲೇಷಣೆ ಮಾಡಿದಾಗ, ಮೊದಲು ಉತ್ತರ ಸಿಗದ ನೂರು ಮಕ್ಕಳಲ್ಲಿ ಹತ್ತರಿಂದ ಹದಿನೈದು ಮಕ್ಕಳಿಗೆ ಉತ್ತರ ಸಿಕ್ಕ ಅನುಭವ ಅನೇಕ ಕೇಂದ್ರಗಳದ್ದು. ಗೊತ್ತಿರುವುದು ಹೇಗೆ ಬೆಳೆಯುತ್ತದೆ, ಕೆಲವು ಸಲ ಎಕ್ಸೋಮ್ ಫೈಲ್ ಏಕೆ ಸಾಲದು ಎಂಬುದನ್ನು 2024ರ ಒಂದು ಸಂಗತಿ ತೋರಿಸುತ್ತದೆ. ಆರ್‌ಎನ್‌ಯು4-2 ಎಂಬ ಪುಟ್ಟ ಜೀನ್ ಇದೆ. ಮೇಲೆ ಹೇಳಿದ 20,000 ಜೀನ್‌ಗಳಂತೆ ಅದು ಪ್ರೋಟೀನ್ ತಯಾರಿಸುವುದಿಲ್ಲ, ಹಾಗಾಗಿ ಎಕ್ಸೋಮ್ ಅದನ್ನು ಓದುವುದೇ ಇಲ್ಲ. ಅದರಲ್ಲಿನ 18 ಅಕ್ಷರದ ಜಾಗದಲ್ಲಿ ಆಗುವ ಬದಲಾವಣೆ, ಬಹುಪಾಲು ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರುವುದು, ತೀವ್ರ ಬುದ್ಧಿಬೆಳವಣಿಗೆ ಕುಂಠಿತಕ್ಕೆ ಕಾರಣ ಎಂದು ಆ ವರ್ಷ ಗೊತ್ತಾಯಿತು. ಇಂಥ ಬೆಳವಣಿಗೆ ತೊಂದರೆ ಇರುವ ಮಕ್ಕಳಲ್ಲಿ ಸಾವಿರಕ್ಕೆ ಸುಮಾರು ನಾಲ್ವರಿಗೆ ಇದೇ ಕಾರಣ ಎಂಬ ಅಂದಾಜಿದೆ. ಎಕ್ಸೋಮ್ 'ನಾರ್ಮಲ್' ಬಂದು ವರ್ಷಗಟ್ಟಲೆ ಉತ್ತರವಿಲ್ಲದೆ ಕಳೆದ ಮನೆಗಳಿಗೆ ಜೀನೋಮ್ ಓದಿಸಿದಾಗ ಒಮ್ಮೆಲೇ ಹೆಸರು ಸಿಕ್ಕಿತು.

ಆದ್ದರಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: 18ರಿಂದ 24 ತಿಂಗಳಿಗೊಮ್ಮೆ ಮರುವಿಶ್ಲೇಷಣೆ ಕೇಳುವುದು. ಹೊಸ ಲಕ್ಷಣ ಕಾಣಿಸಿದರೆ ಅದಕ್ಕೂ ಮೊದಲೇ. ನಡುವಿನ ತಿಂಗಳುಗಳಲ್ಲಿ ಹುಡುಕಾಟವನ್ನು ಮನಸ್ಸಿನಿಂದ ಕೆಳಗಿಳಿಸಿ. ಊರಿಂದೂರಿಗೆ ಡಾಕ್ಟರ್ ಬದಲಿಸುತ್ತ ಅದೇ ಎಂಆರ್‌ಐ ಮೂರು ಸಲ ಮಾಡಿಸುವ ಹಣದಲ್ಲಿ ಎಷ್ಟೋ ತಿಂಗಳ ಫಿಸಿಯೋಥೆರಪಿ ನಡೆಯುತ್ತದೆ.

ದಿನದ ಊಟ

ಹೆಸರಿಲ್ಲದ ಕಾಯಿಲೆಯ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವಂತೆ ಮಾಡುವುದು ಬಹಳ ಸಲ ಮೂಲ ಕಾಯಿಲೆಯಲ್ಲ, ಆಹಾರ ಶ್ವಾಸಕೋಶಕ್ಕೆ ಇಳಿಯುವುದು. ಸ್ನಾಯು ಸಡಿಲವಾದ ಮಗುವಿಗೆ ನುಂಗುವ ಕ್ಷಣದಲ್ಲಿ ಗಾಳಿಕೊಳವೆ ಸರಿಯಾಗಿ ಮುಚ್ಚುವುದಿಲ್ಲ. ಊಟದ ನಡುವೆ ಕೆಮ್ಮು, ಕಣ್ಣಲ್ಲಿ ನೀರು, ಊಟವಾದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ವರ್ಷದಲ್ಲಿ ಎರಡು ಮೂರು ಸಲ ನ್ಯುಮೋನಿಯಾ, ಇವು ಗುರುತು. ಕೆಲವು ಮಕ್ಕಳಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಇಳಿಯುತ್ತದೆ.

ಮಲಗಿಸಿ ಒಳಲೆಯಲ್ಲಿ ಬಾಯಿಗೆ ಹುಯ್ಯುವುದು ನಮ್ಮ ಮನೆಗಳ ಹಳೆಯ ರೂಢಿ. ಈ ಮಕ್ಕಳಿಗೆ ಅದು ಅಪಾಯ. ಎಣ್ಣೆ ನೀರು ಹಾಕುವಾಗ ಮೂಗಿಗೆ ಎಣ್ಣೆ, ತುಪ್ಪ ಬಿಡುವುದು ಇನ್ನೂ ಅಪಾಯ. ಶ್ವಾಸಕೋಶಕ್ಕೆ ಹೋದ ಎಣ್ಣೆ ಅಲ್ಲೇ ಉಳಿದು ಬೇರೆ ಬಗೆಯ ನ್ಯುಮೋನಿಯಾ ತರುತ್ತದೆ. ಅಜ್ಜಿಗೆ ಇದನ್ನು ಹೇಳುವಾಗ ಗದರಬೇಡಿ, ಅವರು ಸಾಕಿ ಬೆಳೆಸಿದ ಮಕ್ಕಳಿಗೆ ನುಂಗುವ ಶಕ್ತಿ ಇತ್ತು ಎಂದು ಹೇಳಿದರೆ ಅರ್ಥವಾಗುತ್ತದೆ.

ಬೆನ್ನು, ತಲೆಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿರಲಿ. ತಲೆ ಹಿಂದಕ್ಕೆ ಬಿದ್ದರೆ ಗಾಳಿಕೊಳವೆ ತೆರೆದುಕೊಳ್ಳುತ್ತದೆ. ಚಪ್ಪಟೆ ಚಮಚದಲ್ಲಿ ಅರ್ಧ ಚಮಚ ಮಾತ್ರ, ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನದು. ನೀರು, ತಿಳಿಸಾರು ಗಂಟಲಲ್ಲಿ ಬೇಗ ಜಾರುತ್ತವೆ, ಮಂದ ರಾಗಿ ಗಂಜಿ ನಿಧಾನವಾಗಿ ಇಳಿಯುತ್ತದೆ. ಎಷ್ಟು ಮಂದ ಎಂಬುದನ್ನು ನುಂಗುವಿಕೆ ನೋಡುವ ಸ್ಪೀಚ್ ಥೆರಪಿಸ್ಟ್ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದನ್ನು ನೋಡುತ್ತಾರೆ. ಊಟದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಪ್ರತಿ ಊಟಕ್ಕೂ 30 ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದು ತೂಕ ಏರದಿದ್ದರೆ ಹೊಟ್ಟೆಗೆ ನೇರವಾಗಿ ಹಾಕುವ ಕೊಳವೆಯ ಬಗ್ಗೆ ಮಾತಾಡುವ ಹೊತ್ತು ಬಂದಿದೆ. ಅನೇಕ ತಾಯಂದಿರು ಇದನ್ನು ತಮ್ಮ ಸೋಲು ಎಂದುಕೊಂಡು ತಡ ಮಾಡುತ್ತಾರೆ. ಸೋಲಲ್ಲ. ದಿನದ ನಾಲ್ಕೈದು ಗಂಟೆ ಊಟದ ಹೋರಾಟದಲ್ಲಿ ಕಳೆಯುವ ಮಗುವಿಗೆ ಆಟಕ್ಕೆ, ಥೆರಪಿಗೆ ಶಕ್ತಿಯೇ ಉಳಿಯುವುದಿಲ್ಲ.

ಫಿಟ್ಸ್ ಮತ್ತು ಔಷಧಿಯ ಲೆಕ್ಕ

ಫಿಟ್ಸ್ ಬಂದ ತಕ್ಷಣ ಗಡಿಯಾರ ನೋಡಿ. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದ್ದಿಡಿ, ಬಾಯಿಗೆ ಏನನ್ನೂ ಹಾಕಬೇಡಿ. ಕೈಗೆ ಬೀಗದಕೈ ಕೊಡುವುದು, ಚಪ್ಪಲಿ ಮೂಸಿಸುವುದರಿಂದ ಏನೂ ಆಗುವುದಿಲ್ಲ, ಹೊತ್ತು ಹೋಗುತ್ತದೆ ಅಷ್ಟೆ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಡಾಕ್ಟರ್ ಬರೆದುಕೊಟ್ಟ ಮಿಡಜೋಲಮ್ ಮೂಗಿನ ಸ್ಪ್ರೇ ಕೊಟ್ಟು ಆಸ್ಪತ್ರೆಗೆ ಹೊರಡಬೇಕು. ಈ ಸ್ಪ್ರೇಯ ಪ್ರಮಾಣ ತೂಕದ ಮೇಲೆ ನಿಂತಿದೆ. ಹತ್ತು ಕೆಜಿ ಇದ್ದಾಗ ಬರೆದದ್ದನ್ನು ಹದಿನಾಲ್ಕು ಕೆಜಿಗೂ ಕೊಟ್ಟು 'ಸ್ಪ್ರೇ ಕೆಲಸ ಮಾಡಲಿಲ್ಲ' ಎನ್ನುವುದು ಸಾಮಾನ್ಯ. ಎರಡು ಕೆಜಿ ಏರಿದಾಗಲೆಲ್ಲ ಕೇಳಿ. ಹೊಸ ಬಾಟಲಿಯನ್ನು ಮೊದಲು ಗಾಳಿಯಲ್ಲಿ ಒತ್ತಿ ಹನಿ ಬರುವುದನ್ನು ನೋಡಿರಬೇಕು, ಮುಕ್ತಾಯದ ತಾರೀಕು ಮೇಲೆ ದೊಡ್ಡದಾಗಿ ಬರೆದಿರಬೇಕು.

ಸಿರಪ್‌ಗಳಲ್ಲಿ ಎಡವಟ್ಟಾಗುವುದು ಎಂಎಲ್ ಮತ್ತು ಮಿಲಿಗ್ರಾಂ ನಡುವೆ. ಜ್ವರದ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 5 ಎಂಎಲ್‌ಗೆ 250, ಹನಿ ಔಷಧಿಯಲ್ಲಿ 1 ಎಂಎಲ್‌ಗೇ 100. 'ಐದು ಎಂಎಲ್ ಹಾಕು' ಎಂದು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಹನಿ ಔಷಧಿಯನ್ನೇ 5 ಎಂಎಲ್ ಹಾಕಿದರೆ 500 ಮಿಲಿಗ್ರಾಂ ಹೋಯಿತು. ಆದ್ದರಿಂದ ಔಷಧಿ ಪಟ್ಟಿಯಲ್ಲಿ ಹೆಸರು, ಎಷ್ಟು ಮಿಲಿಗ್ರಾಂ, ಈ ಬಾಟಲಿಯಲ್ಲಿ ಅದು ಎಷ್ಟು ಎಂಎಲ್, ಎಷ್ಟು ಹೊತ್ತಿಗೆ, ಈ ನಾಲ್ಕೂ ಇರಲಿ. ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ.

ಫಿಟ್ಸ್, ವಿಚಿತ್ರ ಚಲನೆ, ಉಸಿರಿನ ಏರುಪೇರು ಕಂಡರೆ ಜೊತೆಯಲ್ಲಿರುವವರು ವಿಡಿಯೋ ಮಾಡಲಿ. ಮುಖ, ಎರಡೂ ಕೈ, ಕಾಲು ಕಾಣಬೇಕು. ಡಾಕ್ಟರ್ ಮುಂದೆ ಮಗು ಎಂದೂ ಹಾಗೆ ಮಾಡುವುದಿಲ್ಲ ಎಂಬುದು ಈ ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತು.

ಹೆಸರಿಲ್ಲವೆಂದರೆ ಮುಂದೆ ಯಾವ ಅಂಗಕ್ಕೆ ತೊಂದರೆ ಎಂದು ಹೇಳುವವರೂ ಇಲ್ಲ. ಹಾಗಾಗಿ ಕಿವಿ, ಕಣ್ಣು, ಹೃದಯ, ಮೂತ್ರಪಿಂಡ, ನಿಲ್ಲದ ಮಗುವಾದರೆ ಸೊಂಟದ ಕೀಲು ಮತ್ತು ಬೆನ್ನುಮೂಳೆ, ಇವನ್ನು ಎಷ್ಟು ದಿನಕ್ಕೊಮ್ಮೆ ನೋಡಿಸಬೇಕು ಎಂದು ಮಕ್ಕಳ ಡಾಕ್ಟರಿಂದ ಬರೆಸಿಕೊಳ್ಳಿ.

ಒಂದು ಪುಟದ ಪತ್ರ

ರಾತ್ರಿ ಎರಡು ಗಂಟೆಗೆ ತುರ್ತು ವಿಭಾಗದ ಕಿರಿಯ ಡಾಕ್ಟರ್ 'ಏನು ಕಾಯಿಲೆ?' ಎಂದು ಕೇಳುತ್ತಾರೆ. 'ಗೊತ್ತಿಲ್ಲ' ಎಂಬ ಉತ್ತರದಿಂದ ಅರ್ಧ ಗಂಟೆ ಹಾಳಾಗುತ್ತದೆ. ನಿಮ್ಮ ಡಾಕ್ಟರಿಂದ ಸಹಿ ಮಾಡಿಸಿದ ಒಂದೇ ಪುಟದ ಪತ್ರ ಫ್ರಿಜ್ ಬಾಗಿಲಿಗೂ, ಆಸ್ಪತ್ರೆ ಚೀಲದಲ್ಲೂ ಇರಲಿ. ಮೊದಲ ಸಾಲು: 'ಜೀನ್ ಸಂಬಂಧಿ ಕಾಯಿಲೆ ಇರುವ ಅನುಮಾನ, ಇನ್ನೂ ಹೆಸರು ಸಿಕ್ಕಿಲ್ಲ, ತನಿಖೆ ನಡೆದಿದೆ.' ನಂತರ ಆರೋಗ್ಯವಾಗಿರುವ ದಿನ ಈ ಮಗು ಹೇಗಿರುತ್ತದೆ ಎಂಬುದು: ತೂಕ, ಆಮ್ಲಜನಕದ ಮಟ್ಟ, ಕಣ್ಣಲ್ಲಿ ಗುರುತು ಹಿಡಿಯುತ್ತದೆಯೇ, ಕೈಕಾಲು ಸಡಿಲವೋ ಬಿಗಿಯೋ. ಇದು ಬಹಳ ಮುಖ್ಯ. ಸದಾ ಸಡಿಲವಾಗಿರುವ ಮಗುವನ್ನು ಮೊದಲ ಸಲ ನೋಡಿದವರು ಪ್ರಜ್ಞೆ ತಪ್ಪಿದೆ ಎಂದುಕೊಳ್ಳಬಹುದು, ನಿಜಕ್ಕೂ ಮಂಕಾದ ಮಗುವನ್ನು 'ಇದು ಹೀಗೇ ಇರುತ್ತೇನೋ' ಎಂದು ಬಿಡಲೂಬಹುದು. ಆಮೇಲೆ ಔಷಧಿ ಪಟ್ಟಿ, ಕೊಡಬಾರದ ಔಷಧಿ, ಫಿಟ್ಸ್ ಬಂದರೆ ಯಾವ ಕ್ರಮದಲ್ಲಿ ಏನು. ಮೆಟಬಾಲಿಕ್ ಕಾಯಿಲೆಯ, ಅಂದರೆ ಆಹಾರವನ್ನು ಮೈ ಬಳಸಿಕೊಳ್ಳುವ ಕ್ರಿಯೆಯಲ್ಲೇ ದೋಷವಿರುವ ಕಾಯಿಲೆಯ, ಅನುಮಾನವಿದ್ದರೆ ಒಂದು ಸಾಲು ದಪ್ಪಕ್ಷರದಲ್ಲಿರಬೇಕು: 'ವಾಂತಿ, ಜ್ವರದಲ್ಲಿ ಉಪವಾಸ ಇಡಬಾರದು, ಬೇಗ ಗ್ಲೂಕೋಸ್ ಡ್ರಿಪ್ ಹಾಕಿ, ಸಕ್ಕರೆ, ಅಮೋನಿಯಾ ನೋಡಿ.' ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಸಿ.

'ಯಾರ ಕಡೆಯಿಂದ ಬಂತು?'

ಈ ಪ್ರಶ್ನೆ ಮನೆ ಒಡೆದಷ್ಟು ಕಾಯಿಲೆಯೂ ಒಡೆಯುವುದಿಲ್ಲ. ಗ್ರಹಣದ ದಿನ ಹೊರಗೆ ಬಂದಳು, ನಾಗದೋಷ, ಹರಕೆ ತೀರಿಸಲಿಲ್ಲ, ಎಲ್ಲ ಮಾತೂ ಕೊನೆಗೆ ಹೋಗಿ ನಿಲ್ಲುವುದು ತಾಯಿಯ ಮೇಲೆ.

ಉತ್ತರ ಹೀಗಿದೆ. ಮೇಲೆ ಹೇಳಿದ ಬ್ರಿಟನ್ನಿನ ಅಧ್ಯಯನದಲ್ಲಿ ಹೆಸರು ಸಿಕ್ಕ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಹೊಸದಾಗಿ ಹುಟ್ಟಿದ ಬದಲಾವಣೆ, ತಂದೆಯಲ್ಲೂ ಇಲ್ಲದ್ದು ತಾಯಿಯಲ್ಲೂ ಇಲ್ಲದ್ದು. ಅಂಡ ಅಥವಾ ವೀರ್ಯ ತಯಾರಾಗುವಾಗ ನಕಲಿನಲ್ಲಿ ಆದ ತಪ್ಪು ಅದು. ಪ್ರತಿ ಆರೋಗ್ಯವಂತ ಮಗುವೂ ಇಂಥ ಸುಮಾರು 70 ಹೊಸ ಬದಲಾವಣೆಗಳೊಂದಿಗೇ ಹುಟ್ಟುತ್ತದೆ. ತಪ್ಪು ಯಾವ ಅಕ್ಷರದ ಮೇಲೆ ಬಿತ್ತು ಎಂಬುದಷ್ಟೇ ವ್ಯತ್ಯಾಸ.

ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ, ಅದನ್ನೂ ಮುಚ್ಚಿಡಬಾರದು. ಅಕ್ಕನ ಮಗಳು, ಸೋದರತ್ತೆ ಮಗ, ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇನ್ನೂ ಇದೆ. ಪ್ರತಿಯೊಬ್ಬರಲ್ಲೂ ಒಂದೇ ಪ್ರತಿಯಲ್ಲಿ ಇರುವುದರಿಂದ ತೊಂದರೆ ಕೊಡದ ಕೆಲವು ಕೆಟ್ಟ ಬದಲಾವಣೆಗಳಿರುತ್ತವೆ. ಸೋದರಮಾವ ಮತ್ತು ಸೊಸೆಯ ನಡುವೆ ಸರಾಸರಿ ಶೇ. 25ರಷ್ಟು, ಅತ್ತೆ ಮಾವಂದಿರ ಮಕ್ಕಳ ನಡುವೆ ಶೇ. 12.5ರಷ್ಟು ಬರಹ ಒಂದೇ ಇರುತ್ತದೆ. ಹಾಗಾಗಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ, ಮಗುವಿಗೆ ಎರಡೂ ಕಡೆಯಿಂದ ಅದೇ ಬರುವ ಸಾಧ್ಯತೆ ಏರುತ್ತದೆ. ಇಲ್ಲಿಯೂ ಗಮನಿಸಿ, ಅರ್ಧ ಅಪ್ಪನದು, ಅರ್ಧ ಅಮ್ಮನದು. ಒಬ್ಬರ ಕಡೆಯದು ಎಂಬ ಮಾತೇ ಇಲ್ಲ. ತಾಯಿಯಿಂದ ಮಾತ್ರ ಬರುವ ಕಾಯಿಲೆಗಳೂ ಇವೆ ನಿಜ, ಯಾವುದನ್ನು ದಾಟಿಸಬೇಕೆಂದು ಯಾರೂ ಆರಿಸಿ ಕೊಡುವುದಿಲ್ಲ.

ನೆಂಟರಿಗೆ ಕೊಡಲು ಗಂಡ ಹೆಂಡತಿ ಇಬ್ಬರೂ ಒಂದೇ ಉತ್ತರ ಇಟ್ಟುಕೊಳ್ಳುವುದು ಒಳ್ಳೆಯದು: 'ಕಾರಣ ಇನ್ನೂ ಸಿಕ್ಕಿಲ್ಲ, ಡಾಕ್ಟರ್ ನೋಡ್ತಿದಾರೆ, ಇವಳಿಗೆ ಫಿಸಿಯೋ ನಡೀತಿದೆ.' ಆ ಉತ್ತರವನ್ನು ಗಂಡನ ಮನೆಯಲ್ಲಿ ಗಂಡನೇ ಹೇಳಬೇಕು.

ಇನ್ನೊಂದು ಮಗು

ಹೆಸರಿಲ್ಲದ್ದರಿಂದ ಕಷ್ಟವಾಗುವ ನಿರ್ಧಾರ ಇದು. ಎರಡೂ ಕಡೆಯಿಂದ ಬಂದ ಬಗೆಯಾದರೆ ಪ್ರತಿ ಬಸಿರಿಗೂ ಶೇ. 25 ಸಾಧ್ಯತೆ. ನಾಲ್ಕರಲ್ಲಿ ಒಂದು ಆಗಿಹೋಯಿತು, ಮುಂದಿನ ಮೂರು ಸರಿ ಎಂದರ್ಥವಲ್ಲ, ಪ್ರತಿ ಸಲವೂ ಲೆಕ್ಕ ಹೊಸದು. ಹೊಸದಾಗಿ ಹುಟ್ಟಿದ ಬದಲಾವಣೆಯಾದರೆ ಸುಮಾರು ಶೇ. 1. ಹೆಸರೇ ಸಿಗದಿದ್ದಾಗ ಈ ಎರಡರ ನಡುವೆ ಎಲ್ಲೋ ಒಂದು ಅಂದಾಜನ್ನು ಕೌನ್ಸೆಲರ್ ಕುಟುಂಬದ ಚಿತ್ರ ನೋಡಿ ಹೇಳುತ್ತಾರೆ.

ಬಸಿರಿನಲ್ಲಿ 11ರಿಂದ 13 ವಾರಕ್ಕೆ ಮಾಸುವಿನ ಚೂರು, 16 ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ಜೀನ್ ಪರೀಕ್ಷೆ ಮಾಡಬಹುದು, ಆದರೆ ಹುಡುಕಬೇಕಾದ ಅಕ್ಷರ ಯಾವುದೆಂದು ಗೊತ್ತಿದ್ದರೆ ಮಾತ್ರ. ಐದನೇ ತಿಂಗಳ ಸ್ಕ್ಯಾನ್ ಸರಿಯಿದೆ ಎಂದರೆ ಅಂಗರಚನೆ ಸರಿಯಿದೆ ಎಂದಷ್ಟೇ ಅರ್ಥ. ಇನ್ನೊಂದು ಮಗು ಬೇಕೆಂದಿದ್ದರೆ ಬಸಿರಾಗುವ ಮೊದಲೇ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ, ಬಸಿರಾದ ಮೇಲೆ ವಾರಗಳು ಸಾಲುವುದಿಲ್ಲ.

ಹೇಳಲು ಕಷ್ಟವಾದ, ಆದರೆ ಹೇಳಲೇಬೇಕಾದ ಮಾತು. ಮಗುವಿನ ಸ್ಥಿತಿ ತೀರಾ ಗಂಭೀರವಾಗಿದ್ದರೆ ಅದರ ಡಿಎನ್‌ಎ ತೆಗೆದಿಡಲು ಕೇಳಿ. ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮೂರು ಎಂಎಲ್ ರಕ್ತ ಸಾಕು. ಮಗು ಹೋದ ಮೇಲೂ ಉತ್ತರ ಹುಡುಕಲು ಉಳಿಯುವ ದಾರಿ ಅದು.

ಸರ್ಕಾರಿ ಕಾಗದಕ್ಕೆ ಹೆಸರು ಬೇಕೇ?

ಕೆಲವಕ್ಕೆ ಬೇಕು, ಕೆಲವಕ್ಕೆ ಬೇಡ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. ಅದರಡಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಒಂದು ಕೇಂದ್ರ. ಆದರೆ ನೆರವು ಪಟ್ಟಿಯಲ್ಲಿರುವ ಕಾಯಿಲೆಗೆ ಮಾತ್ರ, ಹೆಸರಿಲ್ಲದ ಮಗು ಆ ಬಾಗಿಲ ಹೊರಗೇ ನಿಲ್ಲುತ್ತದೆ. ಇದು ನೀತಿಯ ನಿಜವಾದ ಕೊರತೆ.

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಮಾತ್ರ ಜೀನಿನ ಹೆಸರು ಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸುತ್ತದೆ, ಅಲ್ಲಿ ಅಳೆಯುವುದು ಮಗು ಏನು ಮಾಡಬಲ್ಲದು ಎಂಬುದನ್ನು. 'ಜೆನೆಟಿಕ್ ರಿಪೋರ್ಟ್ ಬಂದ ಮೇಲೆ ಬನ್ನಿ' ಎಂದು ವಾಪಸ್ ಕಳಿಸಿದರೆ ಬುದ್ಧಿಬೆಳವಣಿಗೆ, ಚಲನೆ, ಕಿವಿ, ಕಣ್ಣಿನ ಅಳತೆಯ ವರದಿಗಳನ್ನು ಮುಂದಿಡಿ, ಕೇಳಬೇಕಾದದ್ದು ಇವನ್ನೇ. ಶೇ. 40 ದಾಟಿದರೆ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ, ತಪಾಸಣೆ ಜಿಲ್ಲಾಸ್ಪತ್ರೆಯಲ್ಲಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪತ್ರವೇ ಸಿಗುವುದು, ಅವಧಿ ಮುಗಿಯುವ ಮೊದಲೇ ನವೀಕರಿಸಿ, ಇಲ್ಲದಿದ್ದರೆ ಮಾಸಾಶನ ನಿಲ್ಲುತ್ತದೆ.

ಈ ಪತ್ರವಿದ್ದರೆ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಅಥವಾ ಬಹುವೈಕಲ್ಯದ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ. ವಿಮೆಗೆ ಮುಂಚೆ ವೈದ್ಯಕೀಯ ಪರೀಕ್ಷೆ ಇಲ್ಲ, ಹೊರರೋಗಿ ಖರ್ಚು ಮತ್ತು ಥೆರಪಿಯೂ ಸೇರುತ್ತದೆ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಯಲ್ಲೇ ಕಲಿಕೆಯ ಅವಕಾಶವಿದೆ, ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅಪ್ಪ ಅಮ್ಮ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕತ್ವದ ಪತ್ರ ಪಡೆಯಬೇಕು.

ರಾತ್ರಿ ಪಾಳಿ, ಮತ್ತು ಮನೆಯ ಇನ್ನೊಂದು ಮಗು

ಈ ಮಕ್ಕಳಲ್ಲಿ ಅನೇಕರು ರಾತ್ರಿ ನಿದ್ದೆ ಮಾಡುವುದಿಲ್ಲ. ಒಬ್ಬರೇ ಪ್ರತಿ ರಾತ್ರಿ ಎದ್ದರೆ ಔಷಧಿಯ ಲೆಕ್ಕ ತಪ್ಪುವುದು ಅವರ ಕೈಯಲ್ಲೇ. ರಾತ್ರಿ ಹತ್ತರಿಂದ ಎರಡು ಒಬ್ಬರು, ಎರಡರಿಂದ ಆರು ಇನ್ನೊಬ್ಬರು ಎಂದು ಪಾಳಿ ಹಂಚಿಕೊಂಡರೆ ಇಬ್ಬರಿಗೂ ಒಂದೇ ಓಟದ ನಾಲ್ಕು ಗಂಟೆ ನಿದ್ದೆ ಸಿಗುತ್ತದೆ. ಊಟ ತಿನ್ನಿಸುವುದು, ಫಿಟ್ಸ್ ಬಂದರೆ ಮಾಡಬೇಕಾದ್ದು, ಇವೆರಡನ್ನು ಮನೆಯ ಮೂರನೆಯವರೊಬ್ಬರಿಗೆ ಕಲಿಸಿಟ್ಟರೆ ತಿಂಗಳಿಗೆ ಒಂದು ಮಧ್ಯಾಹ್ನವಾದರೂ ಹೊರಗೆ ಹೋಗಬಹುದು. ಚಿಕ್ಕಮ್ಮನೋ, ಪಕ್ಕದ ಮನೆಯವರೋ ಆಗಲಿ. ಬಾಯಲ್ಲಿ ಹೇಳಿದರೆ ಸಾಲದು, ನಿಮ್ಮೆದುರಿಗೆ ಮೂರು ಸಲ ಅವರ ಕೈಯಿಂದಲೇ ಮಾಡಿಸಿ.

ಅಣ್ಣನೋ ತಂಗಿಯೋ ಇದ್ದರೆ ಅವರ ಮನಸ್ಸಿನಲ್ಲಿ ಎರಡು ಪ್ರಶ್ನೆ ಇರುತ್ತವೆ, ಬಾಯಿಬಿಟ್ಟು ಕೇಳುವುದಿಲ್ಲ: 'ನನ್ನಿಂದ ಆಯಿತಾ?' 'ನನಗೂ ಬರುತ್ತಾ?' ಕೇಳುವ ಮೊದಲೇ ಹೇಳಿ. ನೀನು ಹೊಡೆದದ್ದರಿಂದ, ಬೈದದ್ದರಿಂದ ಆದದ್ದಲ್ಲ. ಇದು ನೆಗಡಿಯಂತೆ ಅಂಟುವುದಿಲ್ಲ. ಆರೋಗ್ಯವಾಗಿರುವ ಮಗುವಿಗೆ ವಾಹಕರೋ (ತೊಂದರೆಯಿಲ್ಲದೆ ಬದಲಾವಣೆಯನ್ನು ಹೊತ್ತವರೋ) ಅಲ್ಲವೋ ಎಂಬ ಪರೀಕ್ಷೆಯನ್ನು ಚಿಕ್ಕ ವಯಸ್ಸಿನಲ್ಲಿ ಮಾಡಿಸುವ ರೂಢಿಯಿಲ್ಲ. ದೊಡ್ಡದಾಗಿ, ತಾನೇ ಅರ್ಥ ಮಾಡಿಕೊಂಡು ನಿರ್ಧರಿಸಲಿ ಎಂಬುದೇ ಕಾರಣ. ಹತ್ತು ದಾಟಿದ ಮಗುವಿಗೆ ಸ್ಪ್ರೇ ಎಲ್ಲಿದೆ, ಪತ್ರ ಎಲ್ಲಿದೆ, 108ಕ್ಕೆ ಕರೆ ಮಾಡಿ ಮನೆಯ ವಿಳಾಸ ಹೇಗೆ ಹೇಳಬೇಕು, ಇಷ್ಟು ಗೊತ್ತಿದ್ದರೆ ಸಾಕು. ಔಷಧಿ ಕೊಡುವ ಹೊಣೆಯನ್ನು ಅದರ ಮೇಲೆ ಹೊರಿಸಬೇಡಿ.